ಉಬ್ಬಿದ ಡಬ್ಬಿ

ಉಬ್ಬಿದ್ದನ್ನೆಲ್ಲ ಬೆರಳಿನಿಂದ ಒತ್ತಿ ನೋಡುವ ಚಟ ನೀಲಕಂಠನಿಗೆ ಎರಡು ವಾರದಿಂದ ಹತ್ತಿಕೊಂಡಿತ್ತು. ಬೆಳಿಗ್ಗೆ ಹೆಂಡತಿ ಲೀಲಾಬಾಯಿ ತಾಟಿಗೆ ಹಾಕಿದ ಚಪಾತಿ ಇನ್ನೂ ಉಬ್ಬಿಕೊಂಡೇ ಇದ್ದಾಗ ಅವನು ತೋರುಬೆರಳನ್ನು ಅದರ ನಡುವೆ ಇಟ್ಟು ಒತ್ತಿದ. ಒಳಗಿನ ಉಗಿ ಸಂದಿಯಿಂದ ಚಿಮ್ಮಿ ಉಗುರಿನ ಬುಡಕ್ಕೆ ಬಡಿಯಿತು. “ಸಣ್ಣ ಹುಡುಗರಂಗ ಏನ್ರೀ ಅದು?” ಎಂದಳು ಲೀಲಾಬಾಯಿ. ಅವನು ಬೆರಳನ್ನು ಬಾಯಲ್ಲಿಟ್ಟುಕೊಂಡು, ಚಪಾತಿ ನಿಧಾನವಾಗಿ ಕೆಳಗಿಳಿಯುವುದನ್ನೇ ನೋಡುತ್ತ ಕುಳಿತ. ಎಲ್ಲ ಉಬ್ಬೂ ಹೀಗೆ ತಾನಾಗಿಯೇ ಇಳಿಯುವಂತಿದ್ದರೆ! ರಿಪೇರಿ ಅಂಗಡಿಗೆ ಹೋಗುವ ಹೊತ್ತು ಮೀರಿತ್ತು. ಮೂವತ್ತೈದು ವರ್ಷ ಒಂದು ದಿನವೂ ತಡಮಾಡದೆ ಬೈಲಹೊಂಗಲದ ಪೇಟೆಯಲ್ಲಿ ಆ ಬಾಗಿಲು ತೆಗೆದವನಿಗೆ ಈಗ ಕೀಲಿಕೈ ಜೇಬಿನಲ್ಲಿ ಚುಚ್ಚುತ್ತಿತ್ತು.

ಹಾಡಿನ ಡಬ್ಬಿಗಳು ಬಂದು ಮೂರು ವರ್ಷವಾಗಿತ್ತು. ಅಂಗೈಯಗಲದ ಡಬ್ಬಿ, ಫೋನು ಬೇಡ, ಇಂಟರ್ನೆಟ್ಟು ಬೇಡ, ಗುಂಡಿ ಒತ್ತಿದರೆ ವಚನ, ಭಜನೆ, ಬಯಲಾಟದ ಪದ, ಜೋಗುಳ. ಹೊಲಕ್ಕೆ ಹೋಗುವವರು ಬುತ್ತಿಯ ಜೊತೆ ಕಟ್ಟಿಕೊಂಡು ಹೋದರು, ಮುದುಕಿಯರು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದರು. ರೇಡಿಯೋ ಹೋಗಿ, ಟೇಪ್ ರೆಕಾರ್ಡರ್ ಹೋಗಿ, ಜನ ತನ್ನನ್ನು ಮರೆತೇಬಿಟ್ಟರು ಎಂದುಕೊಂಡಿದ್ದ ನೀಲಕಂಠನಿಗೆ ಆ ಡಬ್ಬಿಗಳು ಮತ್ತೆ “ರಾಯರ” ಎಂದು ಕರೆಸಿಕೊಳ್ಳುವ ಭಾಗ್ಯ ತಂದಿದ್ದವು. ಎರಡು ವಾರದ ಹಿಂದೆ ಕಂಪನಿಯಿಂದ ಕಾಗದ ಬಂತು: ಮಾರಿದ ಡಬ್ಬಿಗಳನ್ನೆಲ್ಲ ವಾಪಸು ತರಿಸಬೇಕು, ಬ್ಯಾಟರಿಯನ್ನು ಪುಕ್ಕಟೆಯಾಗಿ ಬದಲಿಸಿ ಕೊಡಲಾಗುವುದು, ಪ್ರತಿಯೊಬ್ಬರ ಹೆಸರಿನ ಮುಂದೆ ಗ್ರಾಹಕರ ಪ್ರತಿಕ್ರಿಯೆಯನ್ನು ಒಂದು ಶಬ್ದದಲ್ಲಿ ಬರೆಯಬೇಕು. ಹುಬ್ಬಳ್ಳಿಯಿಂದ ಕಂಪನಿಯ ಸಂಕೇತ ಎಂಬಾತ ಫೋನು ಮಾಡಿದ. ದನಿ ಕೇಳಿದರೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. “ಸರ್, ಉಬ್ಬೋದು, ಬೆಂಕಿ, ಅಪಾಯ, ಈ ಮೂರು ಶಬ್ದ ನಿಮ್ಮ ಬಾಯಿಂದ ಬರಬಾರದು ನೋಡ್ರಿ. ಸುಧಾರಿಸಿದ ಬ್ಯಾಟರಿ ಬಂದದ ಅನ್ರಿ, ಸಾಕು. ಮಂದಿ ಖುಷಿಲೇ ತಂದು ಕೊಡ್ತಾರ.” ನೀಲಕಂಠ “ಆತ್ರಿ” ಎಂದ. ತನಗಿಂತ ಅರ್ಧ ವಯಸ್ಸಿನವನಿಗೆ “ಆತ್ರಿ” ಎಂದದ್ದಕ್ಕಿಂತ, ಹಾಗೆ ಎನ್ನುವಾಗ ತನಗೆ ಒಳಗೊಳಗೇ ಹಗುರಾದದ್ದು ಅವನನ್ನು ಹೆಚ್ಚು ಕಾಡಿತು. ಯಾರೋ ಮೇಲಿನವರು ಸುಮ್ಮನಿರು ಎಂದು ಅಪ್ಪಣೆ ಕೊಟ್ಟಿದ್ದರು.

ಮಂದಿ ಬಂದರು, ಆದರೆ ಖುಷಿಯಿಂದಲ್ಲ. ನವಿಲುತೀರ್ಥದ ಮಡಿವಾಳೆಪ್ಪ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ತಂದು, ಕೊಡದೆ, ಎದೆಗೆ ಒತ್ತಿಕೊಂಡೇ ನಿಂತ. “ಪುಕ್ಕಟೆ ಯಾರು ಏನ ಕೊಡತಾರ್ರಿ ಈ ಕಾಲದಾಗ? ಒಳಗಿನ ಹಾಡು ಕಸಗೋಳಾಕ ಮಾಡಿದ ಹಂಚಿಕಿ ಇದು. ನನ್ನ ಡಬ್ಬ್ಯಾಗ ಯಾವ್ಯಾವ ಪದ ಅದಾವ ಅಂತ ಬಾಯಿಪಾಠ ಐತಿ ನನಗ. ಒಂದ ಪದ ಕಡಿಮಿ ಆದರೂ ಬಿಡಂಗಿಲ್ಲ.” ಯುವರಾಜ ಮಾಸ್ತರರು ಕಾರಣವನ್ನು ಬರೆದುಕೊಡಬೇಕೆಂದು ಹಟ ಹಿಡಿದು ಬೆಂಚಿನ ಮೇಲೆ ಒಂದು ತಾಸು ಕುಳಿತರು. ಕಿತ್ತೂರಿನಿಂದ ಬಂದ ಹೆಂಗಸೊಬ್ಬಳು ತನ್ನ ಡಬ್ಬಿಯನ್ನು ಮೇಜಿನ ಮೇಲಿಟ್ಟು, “ನಮ್ಮದು ಬಸಿರಾಗೇತಿ ನೋಡ್ರಿ” ಎಂದಳು. ನಿಂತವರೆಲ್ಲ ಹೋ ಎಂದು ನಕ್ಕರು. ನೀಲಕಂಠನೂ ನಕ್ಕ. ಡಬ್ಬಿಯ ಮುಚ್ಚಳ ಒಂದು ಕಡೆ ಮೇಲೆದ್ದಿತ್ತು. ಸಂದಿಯಿಂದ ಬೆಳ್ಳಿ ಬಣ್ಣದ ಪೊಟ್ಟಣ ದಿಂಬಿನಂತೆ ಊದಿ ಹೊರಗೆ ಇಣುಕುತ್ತಿತ್ತು. ಅವಳು ಹೋದ ಮೇಲೆ ಅದನ್ನು ತೆಗೆದು ಹಿತ್ತಲಿನ ಮರಳಿನ ಬುಟ್ಟಿಯಲ್ಲಿ ಹೂತಿಟ್ಟ. ಹೂಳುವ ಮೊದಲು ಹೆಬ್ಬೆರಳಿನಿಂದ ಒಮ್ಮೆ ಒತ್ತಿದ. ಮೆತ್ತಗಿತ್ತು, ಬೆಚ್ಚಗಿತ್ತು. ಆ ಮೆತ್ತನೆ ಅವನಿಗೆ ಹೊಸದಲ್ಲ. ಅವಳ ಹೆಸರಿನ ಮುಂದೆ “ಸಂತೋಷ” ಎಂದು ಬರೆದ. ಮಡಿವಾಳೆಪ್ಪನ ಮುಂದೆಯೂ, ಮಾಸ್ತರರ ಮುಂದೆಯೂ ಅದೇ.

ಹದಿನಾಲ್ಕನೆಯ ದಿನಕ್ಕೆ ಅವನು ಮಾರಿದ ನಲವತ್ತೊಂದು ಡಬ್ಬಿಗಳಲ್ಲಿ ನಲವತ್ತು ಬಂದಿದ್ದವು. ಬಾರದೇ ಉಳಿದ ಒಂದರ ಹೆಸರು ಪಟ್ಟಿ ನೋಡುವ ಮೊದಲೇ ಅವನಿಗೆ ಗೊತ್ತಿತ್ತು: ಮಂಜುಳಾ, ಚಚಡಿ. ಬಿಲ್ಲಿನಲ್ಲಿದ್ದ ನಂಬರಿಗೆ ದಿನಕ್ಕೆ ನಾಲ್ಕು ಸಲ ಫೋನು ಹಚ್ಚುತ್ತಿದ್ದ, ಸ್ವಿಚ್ ಆಫ್. ಪ್ರತಿ ಸಲ ಆ ಯಂತ್ರದ ಹೆಣ್ಣುದನಿ ಕೇಳಿದಾಗ ಬಚಾವಾದೆ ಎನ್ನಿಸುತ್ತಿತ್ತು. ಮರುಕ್ಷಣವೇ ಆ ಹುಡುಗಿ ಕಣ್ಣ ಮುಂದೆ ಬರುತ್ತಿದ್ದಳು. ಹೋದ ಜೂನ್ ತಿಂಗಳು, ತುಂಬಿದ ಹೊಟ್ಟೆ, ಹಸಿರು ಬಳೆ, ಪಕ್ಕದಲ್ಲಿ ಅವಳ ತಾಯಿ ಚನ್ನವ್ವ. “ಮುಚ್ಚಳ ಕೂಡವಲ್ದುರಿ” ಎಂದು ಮಂಜುಳಾ ಡಬ್ಬಿ ಕೊಟ್ಟಿದ್ದಳು. ತೆಗೆದು ನೋಡಿದರೆ ಬ್ಯಾಟರಿ ಉಬ್ಬಿತ್ತು. ಉಬ್ಬಿದ ಬ್ಯಾಟರಿಯನ್ನು ಏನು ಮಾಡಬೇಕೆಂದು ಹುಬ್ಬಳ್ಳಿಯ ತರಬೇತಿಯಲ್ಲಿ ಎರಡು ಸಲ ಹೇಳಿದ್ದರು, ಅವನು ಬರೆದುಕೊಂಡಿದ್ದ. ಆದರೆ ಬೇರೆ ಬ್ಯಾಟರಿ ಇರಲಿಲ್ಲ. ಇಲ್ಲ ಎಂದು ಹೇಳಬಹುದಿತ್ತು. ಡಬ್ಬಿ ಇಟ್ಟು ಹೋಗಿರಿ, ಇದು ಅಪಾಯ, ನನ್ನಿಂದ ಆಗುವ ಕೆಲಸವಲ್ಲ ಎನ್ನಬಹುದಿತ್ತು. ಬೆಂಚಿನ ಮೇಲೆ ಇನ್ನೂ ಮೂವರು ಕುಳಿತಿದ್ದರು, ಅವರ ಎದುರಿಗೆ, ತಾನೇ ಮಾರಿದ ಮಾಲಿನ ಬಗ್ಗೆ ಹಾಗೆನ್ನಲು ಬಾಯಿ ಬರಲಿಲ್ಲ. “ಲಗೂ ಮಾಡ್ರಿ ರಾಯರ, ಬಸ್ಸ ಹೋಗತೈತಿ” ಎಂದಳು ಚನ್ನವ್ವ. ಅವನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಮುಚ್ಚಳ ಹಾಕಿ, ಕಪ್ಪು ಟೇಪನ್ನು ಎರಡು ಸುತ್ತು ಬಿಗಿದ. “ಟೇಪ್ ಯಾಕ್ರಿ?” ಎಂದು ಕೇಳಿದಳು ಮಂಜುಳಾ. “ಹಾಡು ಸೋರಬಾರದಂತ” ಎಂದ. ಚನ್ನವ್ವ ನಕ್ಕಳು, ಬೆಂಚಿನವರು ನಕ್ಕರು. ಮಂಜುಳಾ ನಗಲಿಲ್ಲ. ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತ, “ಏನೂ ಆಗಂಗಿಲ್ಲಲ್ರಿ?” ಎಂದಳು. “ಮೂವತ್ತೈದು ವರ್ಷಾತು ತಂಗಿ ಈ ಕೆಲಸ ಮಾಡ್ಲಿಕ್ಕೆ ಹತ್ತಿ” ಎಂದ ಅವನು. ಅದು ಅವಳ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಅವಳು ಅದನ್ನು ಉತ್ತರವೆಂದು ನಂಬಿ ಹೋದಳು.

ಆ ಹದಿನಾಲ್ಕನೆಯ ದಿನ ಹತ್ತು ಗಂಟೆಗೆ ತೆಗೆದ ಬಾಗಿಲನ್ನು ಹತ್ತೂವರೆಗೆ ಮತ್ತೆ ಹಾಕಿ, ನೀಲಕಂಠ ಚಚಡಿಯ ಬಸ್ಸು ಹತ್ತಿದ. ಊರಲ್ಲಿ ಇಳಿದು, ಹಳೆಯ ವಾಡೆಯ ಗೋಡೆಗುಂಟ ನಡೆದು, ಕೇಳಿಕೊಂಡು ಹೋದರೆ ಚನ್ನವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದಳು. ಕಾಲಿಗೆ ಮೊಣಕಾಲಿನವರೆಗೂ ಪ್ಲಾಸ್ಟರು. ಮೊರದಲ್ಲಿ ಕಡಲೆ ಆರಿಸುತ್ತಿದ್ದವಳು ಅವನನ್ನು ಕಂಡು ಸೆರಗು ಸರಿಮಾಡಿಕೊಂಡಳು. “ಅಯ್ಯ, ರಾಯರು! ಕುಂಡ್ರಿ, ಕುಂಡ್ರಿ. ಆ ಡಬ್ಬಿ ಮಗಳ ಕೂಡ ಸುರೇಬಾನಕ್ಕ ಹೋತ್ರಿ. ಗಂಡು ಕೂಸು ಹುಟ್ಟಿತ್ರಿ, ಅದನ್ನ ಕರಕೊಂಡ ಗಂಡನ ಮನಿಗೆ ಹೋಗಿ ಎರಡ ತಿಂಗಳಾತು. ತೊಟ್ಟಲದಾಗ ತಲಿ ಮಗ್ಗಲಕ್ಕ ಡಬ್ಬಿ ಇಟ್ಟ ಜೋಗುಳ ಹಚ್ಚಿದರ ಕೂಸು ಮಿಸುಕಂಗಿಲ್ಲ ನೋಡ್ರಿ.” ತೊಟ್ಟಿಲು ಎಂಬ ಶಬ್ದ ಕೇಳಿ ನೀಲಕಂಠ ಮುಂದಕ್ಕೆ ಬಾಗಿದ. “ಮೊನ್ನೆ ಮಾತಾಡಿದ್ರೇನು?” ಎಂದು ಕೇಳಿದ. ಚನ್ನವ್ವನ ಕೈ ಮೊರದಲ್ಲಿ ನಿಂತಿತು. “ಇಪ್ಪತ್ತ ದಿನಾತ್ರಿ, ಮಗಳ ದನೀನ ಕೇಳಿಲ್ಲ. ಆಕಿ ಫೋನ್ ಹತ್ತವಲ್ದು. ಬೀಗತಿಗೆ ಹಚ್ಚಿದರ, ಮಕ್ಕೊಂಡಾಳ ಅಂತಾಳ. ಮುಂಜೇಲೆ ಮಾಡಿದರೂ ಮಕ್ಕೊಂಡಾಳ, ಸಂಜೀಕ ಮಾಡಿದರೂ ಮಕ್ಕೊಂಡಾಳ. ನನ್ನ ಕಾಲು ನೆಟ್ಟಗಿದ್ದರ ಇಷ್ಟೊತ್ತಿಗೆ ಹೋಗಿ ಬರತಿದ್ದೆ. ಏನರ ಅಡಚಣಿ ಐತೇನ್ರಿ ರಾಯರ?” ಅವಳ ಕಣ್ಣು ಅವನ ಮುಖದಲ್ಲೇ ನೆಟ್ಟಿತ್ತು. ಹೇಳುವ ಗಳಿಗೆ ಇದೇ ಎಂದುಕೊಂಡ. ಬಾಯಿ ತೆರೆದಾಗ ಹೊರಬಂದದ್ದು, “ಏನಿಲ್ಲವಾ, ಸುಧಾರಿಸಿದ ಬ್ಯಾಟರಿ ಬಂದದ. ನಾನ ಹೋಗಿ ಹಾಕಿ ಬರತೇನಿ.” ಚನ್ನವ್ವ ಎರಡೂ ಕೈ ಎತ್ತಿ ಮುಗಿದಳು. “ಅಲ್ಲೀತನಾ ಹೋಗತೀರಾ? ದೇವರಂಥವರು ನೀವು” ಎಂದಳು. ಆ ಮುಗಿದ ಕೈಗಳಿಂದ ತಪ್ಪಿಸಿಕೊಂಡು ಓಡುವವನಂತೆ ಅವನು ಹೊರಬಿದ್ದ.

ಸವದತ್ತಿಯಲ್ಲಿ ಬಸ್ಸು ಬದಲಿಸಿದ. ರಾಮದುರ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಎದುರಿನಿಂದ ಬಂದಾಗಲೆಲ್ಲ ಬಸ್ಸು ರಸ್ತೆಯ ಅಂಚಿಗೆ ವಾಲಿ ನಿಲ್ಲುತ್ತಿತ್ತು. ನಿಂತಷ್ಟು ಹೊತ್ತು ಅವನಿಗೆ ಸಿಟ್ಟೂ ಬರುತ್ತಿತ್ತು, ನಿಂತೇ ಇರಲಿ ಎಂದೂ ಅನ್ನಿಸುತ್ತಿತ್ತು. ಮುಂದಿನ ಸೀಟಿನಲ್ಲಿ ಒಬ್ಬ ಮನುಷ್ಯ ಫೋನನ್ನು ಕಿವಿಗೆ ಒತ್ತಿಕೊಂಡೇ ನಿದ್ದೆ ಹೋಗಿದ್ದ. ಆ ಫೋನು ಬಿಸಿಯಾಗಿದೆಯೋ ಏನೋ ಎಂದು ಮುಟ್ಟಿ ನೋಡಬೇಕೆನ್ನಿಸಿ ನೀಲಕಂಠ ತನ್ನ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಇದೇ ಸವದತ್ತಿಯಲ್ಲಿ ಅಪ್ಪ ಪೌರೋಹಿತ್ಯ ಮಾಡುತ್ತಿದ್ದ. ಹೋಮದ ನಡುವೆ ಮಂತ್ರ ಮರೆತುಹೋದರೆ ಅಪ್ಪ ನಿಲ್ಲುತ್ತಿರಲಿಲ್ಲ. ದನಿ ಇನ್ನೂ ಏರಿಸುತ್ತಿದ್ದ, ಅರ್ಥವಿಲ್ಲದ ಅಕ್ಷರಗಳನ್ನು ಮಂತ್ರದ ರಾಗಕ್ಕೆ ಕೂಡಿಸಿ ಉರುಳಿಸುತ್ತಿದ್ದ. ಯಜಮಾನರು ಕಣ್ಣು ಮುಚ್ಚಿ ಕೈ ಮುಗಿದಿರುತ್ತಿದ್ದರು. ಪಕ್ಕದಲ್ಲಿ ಸಮಿತ್ತು ಹಿಡಿದು ಕುಳಿತ ನೀಲಕಂಠನೊಬ್ಬನಿಗೆ ಗೊತ್ತಾಗುತ್ತಿತ್ತು. ಒಮ್ಮೆ ಮನೆಗೆ ಬರುವ ದಾರಿಯಲ್ಲಿ ಕೇಳಿಯೇಬಿಟ್ಟಿದ್ದ. ಅಪ್ಪ ಸಿಟ್ಟಾಗಲಿಲ್ಲ. “ಮರತೆ ಅಂದ್ರ ಅವರ ಶಾಂತಿ ಕೆಡತದ. ನಮ್ಮ ಸಲುವಾಗಿ ಅಲ್ಲಪಾ, ಅವರ ಸಲುವಾಗಿ” ಎಂದ. ಅಂದೇ ಪೌರೋಹಿತ್ಯ ಬೇಡವೆಂದು ನಿಶ್ಚಯಿಸಿ, ಸುಳ್ಳಿಗೆ ಎಡೆಯಿಲ್ಲದ ಕೆಲಸವೆಂದು ತಂತಿ, ಬೆಸುಗೆಯ ಕಡೆ ಬಂದಿದ್ದ ಅವನು. ತಂತಿ ಕೂಡಿದರೆ ದನಿ ಬರುತ್ತದೆ, ಕೂಡದಿದ್ದರೆ ಇಲ್ಲ. ರಾಮದುರ್ಗದಲ್ಲಿ ಇಳಿದು ಸುರೇಬಾನದ ಬಸ್ಸಿಗೆ ಕಾಯುತ್ತ ನಿಂತಾಗ, ಏನೂ ಆಗಿರಲಿಕ್ಕಿಲ್ಲ, ಟೇಪು ಬಿಚ್ಚಿ ಯಾರೋ ಬ್ಯಾಟರಿ ಎಸೆದಿರಬೇಕು, ಡಬ್ಬಿ ಅಟ್ಟದ ಮೇಲೆ ಬಿದ್ದಿರಬೇಕು ಎಂದು ಮನಸ್ಸು ಒಂದೇ ಸಮನೆ ಹೇಳಿಕೊಳ್ಳುತ್ತಿತ್ತು. ಅದರ ದನಿ ಗಳಿಗೆ ಗಳಿಗೆಗೂ ಏರುತ್ತಿತ್ತು.

ಸುರೇಬಾನದಲ್ಲಿ ಮಂಜುಳಾಳ ಗಂಡ ಕಲ್ಮೇಶನ ಮನೆ ಎಂದು ಕೇಳಿದಾಗ, ಕಟ್ಟೆಯ ಮೇಲೆ ಕುಳಿತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. “ಕೂಸನ್ನ ಸುಟ್ಟಾಕಿ ಮನೀನ?” ಎಂದ ಒಬ್ಬ. ಇನ್ನೊಬ್ಬ ಅವನ ತೊಡೆಗೆ ತಿವಿದು, “ನೆಟ್ಟಗ ಹೋಗ್ರಿ, ಬೇವಿನ ಗಿಡದ ಮುಂದಿನ ಮನಿ” ಎಂದ. ನೀಲಕಂಠನಿಗೆ ದಾರಿಯ ಬಿಸಿಲು ಒಮ್ಮೆಲೇ ಬಿಳಿಚಿದಂತಾಯಿತು. ಕಾಲು ತಮ್ಮಷ್ಟಕ್ಕೆ ನಡೆದವು. ಬೇವಿನ ಗಿಡ ಬಂತು, ತೆರೆದ ಬಾಗಿಲು ಬಂತು. ಒಳಗೆ ಪಡಸಾಲೆಯಲ್ಲಿ ಐವತ್ತೈದರ ಗಟ್ಟಿಮುಟ್ಟಾದ ಹೆಂಗಸೊಬ್ಬಳು ತೊಡೆಯ ಮೇಲೆ ಕೂಸನ್ನು ಹಾಕಿಕೊಂಡು ಕುಳಿತಿದ್ದಳು: ಕಲ್ಮೇಶನ ತಾಯಿ ಶೆಟ್ಟೆವ್ವ. ಕೂಸು ಜೀವಂತವಾಗಿತ್ತು. ಕೈಕಾಲು ಆಡಿಸುತ್ತಿತ್ತು. ಆಮೇಲೆ ಕೂಸು ಮುಖ ತಿರುಗಿಸಿತು. ಅದರ ಎಡಗಿವಿಯ ಅಂಚು ಕರಟಿ, ಒಣಗಿದ ದಾಸವಾಳದ ಎಸಳಿನಂತೆ ಮುದುಡಿತ್ತು.

ಬೈಲಹೊಂಗಲದ ಅಂಗಡಿಯವನು, ಡಬ್ಬಿಯ ಸಲುವಾಗಿ ಬಂದೆ ಎಂದಾಗ ಶೆಟ್ಟೆವ್ವನ ಮುಖ ಅರಳಿತು. “ಬರ್ರಿ ರಾಯರ, ಕುಂಡ್ರಿ. ಇಲ್ಲೀತನಾ ಬಂದ್ರಿ! ನಿಮ್ಮ ಡಬ್ಬಿ ಎಲ್ಲಿ ಉಳದೈತ್ರಿ, ಸುಟ್ಟ ಹೋತು. ನನ್ನ ಸೊಸಿ ಸುಟ್ಟಳು. ತೊಟ್ಟಲದಾಗ ಚಾರ್ಜಿಗೆ ಹಚ್ಚಿ ಒಲಿ ಮುಂದ ಕುಂತಿದ್ದಳು ಮಾರಾಯ್ತಿ. ಮೂರು ವಾರಾತು.” ಒಳಗಿನ ಬಾಗಿಲಿನ ಹತ್ತಿರ ನೆರಳೊಂದು ಅಲುಗಿತು. ಮಂಜುಳಾ. ಬಲಗೈಗೆ ಮಣಿಕಟ್ಟಿನವರೆಗೂ ಬಟ್ಟೆ ಸುತ್ತಿತ್ತು. ಜೂನಿನಲ್ಲಿ ಕಂಡ ತುಂಬಿದ ಮುಖ ಎಲ್ಲಿ ಹೋಗಿತ್ತೋ. “ಚಾರ್ಜಿಗೆ ಹಚ್ಚಿರಲಿಲ್ಲ” ಎಂದಳು, ಯಾರಿಗೂ ಅಲ್ಲ, ನೆಲಕ್ಕೆ. ನೂರು ಸಲ ಹೇಳಿ ಸವೆದ ಮಾತಿನಂತೆ. ಶೆಟ್ಟೆವ್ವ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. “ಕೇಳಿದರ ಏನಂತಾಳ ಗೊತ್ತೇನ್ರಿ? ರಿಪೇರಿಯವರು ಟೇಪ್ ಸುತ್ತಿ ಕೊಟ್ಟಿದ್ದರಂತ. ತಾ ಮಾಡಿದ ತಪ್ಪು ನಿಮ್ಮಂಥವರ ಮ್ಯಾಲೆ ಹಾಕತಾಳ. ನಾ ಅಂದೆ, ಮೂವತ್ತ ನಲವತ್ತ ವರ್ಷದ ಅಂಗಡಿ, ಬೈಲಹೊಂಗಲದಾಗ ಯಾರನ್ನ ಕೇಳಿದರೂ ಹೆಸರು ಹೇಳತಾರ, ಅವರು ಹಂತಾ ಕೆಲಸಾ ಮಾಡತಾರೇನ ಅಂತ. ಕೂಸಿಗೆ ಮೊಲಿ ಕುಡಸಾಕ ಅಷ್ಟ ಕೊಡತೇನಿ ಆಕಿ ಕೈಯಾಗ, ಆಮ್ಯಾಲೆ ತಗೊಂಡ ಬಿಡತೇನಿ. ಆಕಿ ಫೋನೂ ಬಂದ ಮಾಡಿ ಇಟ್ಟೇನಿ. ಬರೂ ಸೋಮಾರ ಹಿರೇರು ಕೂಡತಾರ. ಕೂಸು ಇಲ್ಲೇ ಇರತೈತಿ, ಆಕಿ ಚಚಡಿಗೆ ಹೋಗತಾಳ. ನೀವು ಬಂದದ್ದ ಚಲೋ ಆತು ನೋಡ್ರಿ. ನೀವ ಒಂದ ಮಾತ ಹೇಳಿಬಿಡ್ರಿ, ಆಕಿ ಬಾಯಿ ಮುಚ್ಚಲಿ.”

ಚಹಾ ಬಂತು. ಮಂಜುಳಾನೇ ಎಡಗೈಯಲ್ಲಿ ತಂದು ಅವನ ಮುಂದೆ ಇಟ್ಟಳು. ಇಡುವಾಗ ಅವನ ಮುಖವನ್ನು ನೋಡಲಿಲ್ಲ, ಹೆಬ್ಬೆರಳನ್ನು ನೋಡಿದಳು. ಮೂರು ವಾರ ಈ ಮನೆಯಲ್ಲಿ ತನ್ನ ಹೆಸರು ಸುಳ್ಳು ಸಾಕ್ಷಿ ನುಡಿಯುತ್ತಿತ್ತು ಎಂಬುದು ನೀಲಕಂಠನಿಗೆ ಒಂದೊಂದೇ ಗುಟುಕಿನಂತೆ ಒಳಗಿಳಿಯಿತು. ಅವನು ಅಂಗಡಿಯಲ್ಲಿ ಕುಳಿತು ಯಾರದೋ ತಂತಿ ಬೆಸೆಯುತ್ತಿದ್ದಾಗ, ಲೀಲಾಬಾಯಿಯ ಚಪಾತಿ ತಿನ್ನುತ್ತಿದ್ದಾಗ, ಇಲ್ಲಿ ಅವನ ಮೂವತ್ತೈದು ವರ್ಷಗಳು ಈ ಹುಡುಗಿಯ ತೋಳಿನಿಂದ ಕೂಸನ್ನು ಕಿತ್ತುಕೊಳ್ಳುತ್ತಿದ್ದವು. ಈಗ ಬರೀ ಒಂದು “ಹೂಂ” ಸಾಕು. ಹೂಂ ಎನ್ನದೆ ತಲೆ ಅಲ್ಲಾಡಿಸಿದರೂ ನಡೆಯುತ್ತದೆ. ಐದೂವರೆಯ ಬಸ್ಸು ಸಿಗುತ್ತದೆ. “ಕಂಪನಿಯವರು ಒಂದು ಸುಧಾರಿಸಿದ…” ಎಂದು ಶುರುಮಾಡಿದ. ಮಾತು ಅಲ್ಲಿಗೇ ನಿಂತಿತು. ಕೂಸು ಅವನ ಕಡೆ ಕೈ ಚಾಚಿ ಏನನ್ನೋ ಹಿಡಿಯಲು ನೋಡುತ್ತಿತ್ತು. “ಆಕಿ ಹೇಳಿದ್ದು ಖರೆ ಅದ್ರಿ” ಎಂದ.

“ಯಾವದು?” ಎಂದಳು ಶೆಟ್ಟೆವ್ವ.

“ಟೇಪ್ ನಾನ ಸುತ್ತಿದ್ದು. ಬ್ಯಾಟರಿ ಆವಾಗ ಉಬ್ಬಿತ್ತು. ಬೆಂಕಿ ಹತ್ತತದ ಅಂತ ನನಗ ಗೊತ್ತಿತ್ತು. ಚಾರ್ಜಿಗೆ ಹಚ್ಚದಿದ್ರೂ ಹತ್ತತದ. ಏನೂ ಆಗಂಗಿಲ್ಲಲ್ಲ ಅಂತ ಆಕಿ ಕೇಳಿದ್ದಳು. ನಾನು ಹೇಳಲಿಲ್ಲ.”

ಹೇಳಿ ಮುಗಿಸಿದರೆ ಎದೆ ಹಗುರಾಗುತ್ತದೆ ಎಂದು ನಂಬಿದ್ದ. ಆಗಲಿಲ್ಲ. ಶೆಟ್ಟೆವ್ವ ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಅವನನ್ನೇ ದಿಟ್ಟಿಸಿದಳು. ಕಣ್ಣಲ್ಲಿದ್ದ ಮರ್ಯಾದೆ ಮೆಲ್ಲಗೆ ಕಿರಿದಾಗಿ ಸಂಶಯವಾಯಿತು. “ಚನ್ನವ್ವ ಕಳಿಸ್ಯಾಳ ನಿಮ್ಮನ್ನ” ಎಂದಳು. “ಹೌದಲ್ಲ? ಚಚಡಿಗೆ ಹೋಗೇ ಬಂದೀರಿ ನೀವು. ಮಗಳ ಸಂಸಾರ ಉಳಸಾಕ ನಿಮ್ಮ ಕಾಲು ಹಿಡದಾಳ. ನೀವು ದೊಡ್ಡ ಮನಸ್ಸು ಮಾಡಿ ತಪ್ಪು ನಿಮ್ಮ ತಲಿಮ್ಯಾಲೆ ಹಾಕ್ಕೊಳಾಕ ಹತ್ತೀರಿ.” ನೀಲಕಂಠ ಇಲ್ಲ ಎಂದ. ಇಲ್ಲ ಎಂದಷ್ಟೂ ಅವಳು ತಲೆಯಾಡಿಸಿದಳು. ಸುಳ್ಳು ಹೇಳಿದಾಗ ಯಾರೂ ಕೇಳದ ಪುರಾವೆಯನ್ನು ಈಗ ಎಲ್ಲಿಂದ ತರುವುದೆಂದು ಅವನಿಗೆ ತಿಳಿಯಲಿಲ್ಲ. ಉಬ್ಬಿದ ಬ್ಯಾಟರಿ ಹೇಗಿರುತ್ತದೆ, ಒಳಗೆ ಏನು ತುಂಬಿರುತ್ತದೆ, ಟೇಪಿನ ಸುತ್ತು ಎಷ್ಟು ಎಂದೆಲ್ಲ ಹೇಳತೊಡಗಿದ. ತನ್ನ ದನಿ ತನಗೇ ಬೇಡಿಕೊಳ್ಳುವವನ ದನಿಯಂತೆ ಕೇಳಿಸಿತು.

ಮಂಜುಳಾ ಅಷ್ಟು ಹೊತ್ತೂ ಬಾಗಿಲಿನಲ್ಲೇ ನಿಂತಿದ್ದಳು. ಈಗ ನಡೆದು ಬಂದು ಅತ್ತೆಯ ಮುಂದೆ ಬಾಗಿದಳು. ಬಟ್ಟೆ ಸುತ್ತಿದ ಕೈಯನ್ನು ಕೂಸಿನ ಕೆಳಗೆ ತೂರಿಸಿದಳು. ಶೆಟ್ಟೆವ್ವ ಬಿಡಲಿಲ್ಲ. ಇಬ್ಬರ ಕೈಗಳ ನಡುವೆ ಕೂಸು ಒಂದು ಕ್ಷಣ ನಿಂತಿತು, ಬಾಯಿ ತೆರೆದು ಅಳಲು ತಯಾರಾಯಿತು. ಮಂಜುಳಾಳ ಹಣೆಯ ಮೇಲೆ ನೋವಿಗೆ ಬೆವರು ಮೂಡಿದ್ದು ನೀಲಕಂಠನಿಗೆ ಕಂಡಿತು. ಆದರೆ ಅವಳು ಎಳೆಯಲೂ ಇಲ್ಲ, ಬಿಡಲೂ ಇಲ್ಲ, ಅತ್ತೆಯ ಕಣ್ಣನ್ನೇ ನೋಡುತ್ತಿದ್ದಳು. ಶೆಟ್ಟೆವ್ವನ ಬೆರಳು ಸಡಿಲಾದವು. ಕೂಸು ತಾಯಿಯ ಹೆಗಲಿಗೆ ಬಂತು. “ಬರ್ರಿ” ಎಂದಳು ಮಂಜುಳಾ ನೀಲಕಂಠನಿಗೆ.

“ಎಲ್ಲಿಗೆ ತಂಗಿ?”

“ಈ ಓಣ್ಯಾಗ ಹನ್ನೊಂದ ಮನಿ ಅದಾವು. ಎಲ್ಲಾ ಮನ್ಯಾಗೂ ನನಗ ಕೂಸನ್ನ ಸುಟ್ಟಾಕಿ ಅಂತಾರ. ಇಲ್ಲಿ ಹೇಳಿದ್ದನ್ನ ಅಲ್ಲೂ ಹೇಳ್ರಿ. ಸೋಮಾರದೊಳಗ ಎಲ್ಲಾರೂ ಕೇಳಿರಬೇಕು.” ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಳು. ಅವನು ಹಿಂದೆ ನಡೆದ.

ಮೊದಲ ಮನೆಯಲ್ಲಿ ಒಬ್ಬ ಮುದುಕ ಕೇಳಿಸಿಕೊಂಡು ಎಲೆಯಡಿಕೆ ಉಗುಳಿದ. ಎರಡನೆಯ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಹೊರಗೆ ಬಂದರು. ಸೊಸೆ ಬಾಯಿಗೆ ಸೆರಗು ಹಿಡಿದಳು, ಅತ್ತೆ “ಇಷ್ಟ ದಿನ ಎಲ್ಲಿ ಸತ್ತಿದ್ರಿ?” ಎಂದಳು. ಆ ಮಾತಿಗೂ ಅವನು ನಿಂತು ಉತ್ತರ ಕೊಟ್ಟ, “ಅಂಗಡ್ಯಾಗ ಇದ್ದೆ” ಎಂದ. ಅಷ್ಟರಲ್ಲಿ ಕಟ್ಟೆಯ ಮೇಲಿದ್ದವರು ಎದ್ದು ಹಿಂದೆ ಬರತೊಡಗಿದ್ದರು. ಯಾರೋ ಫೋನಿನಲ್ಲಿ, “ಲಗೂ ಬಾ ಕಲ್ಮೇಶ, ಆ ರಿಪೇರಿಯಾಂವ ಇಲ್ಲೇ ಸಿಕ್ಕಾನ” ಎನ್ನುತ್ತಿದ್ದುದು ಕೇಳಿಸಿತು. ಮೂರನೆಯ ಮನೆ, ನಾಲ್ಕನೆಯ ಮನೆ. ಪ್ರತಿ ಬಾಗಿಲಿನಲ್ಲೂ ಅದೇ ಮಾತನ್ನು ಹೇಳಿದ. ಹೇಳಿದಷ್ಟೂ ಅದು ಸುಲಭವಾಗಲಿಲ್ಲ. ಹಿಂದಿನ ಹೆಜ್ಜೆಗಳು ಹೆಚ್ಚಾದವು. ಹಿಂದಿದ್ದವರಲ್ಲಿ ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಐದನೆಯ ಮನೆಯ ಮುಂದೆ ನಿಂತಾಗ ಮೋಟರ್ ಸೈಕಲ್ಲೊಂದು ಓಣಿಯ ಬಾಯಿಯಿಂದ ನುಗ್ಗಿ ಬಂದು ನಿಂತಿತು. ಮಂದಿ ಎರಡು ಕಡೆ ಸರಿದರು. ಕಬ್ಬಿನ ಹೊಲದಿಂದ ನೇರ ಬಂದಿದ್ದ ಕಲ್ಮೇಶನ ಮೈಯೆಲ್ಲ ಕಬ್ಬಿನ ಗರಿಯ ಧೂಳು, ಕುಡಗೋಲನ್ನು ಹೊಲದಲ್ಲಿ ಇಟ್ಟು ಬರಲೂ ಅವನಿಗೆ ಪುರುಸೊತ್ತಾಗಿರಲಿಲ್ಲ. ಅವನ ಕಣ್ಣು ಮೊದಲು ಹೆಂಡತಿಯ ಹೆಗಲ ಮೇಲಿನ ಕೂಸಿನ ಕಡೆ ಹೋಯಿತು, ಆಮೇಲೆ ನೀಲಕಂಠನ ಕಡೆ. “ಏನ ನಡದೈತಿ ಇಲ್ಲಿ?” ಎಂದ.

ಮಂಜುಳಾ ಗಂಡನ ಕಡೆ ತಿರುಗಲಿಲ್ಲ. ಎಡಗೈಯಿಂದ ಐದನೆಯ ಮನೆಯ ಚಿಲಕವನ್ನು ಮೂರು ಸಲ ಬಡಿದಳು. ಒಳಗಿನಿಂದ, “ಯಾರ್ರೀ ಅದು?” ಎಂದು ಹೆಂಗಸೊಬ್ಬಳ ದನಿ ಬಂತು. ಮಂಜುಳಾ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಬೆನ್ನ ಹಿಂದೆ ಕಲ್ಮೇಶನ ಹೆಜ್ಜೆ ಹತ್ತಿರವಾಗುತ್ತಿದ್ದುದು ನೀಲಕಂಠನಿಗೆ ಕೇಳಿಸುತ್ತಿತ್ತು. ಅವನು ಬಾಗಿಲಿನ ಕಡೆಗೇ ಮುಖ ಮಾಡಿ, “ಸ್ವಲ್ಪ ಹೊರಗ ಬರ್ರಿ ತಾಯಿ, ನಿಮಗೊಂದು ಮಾತು ಹೇಳೋದದ” ಎಂದ.